ಲೋಕಸಭೆ ಸ್ಪೀಕರ್: ಸದನಕ್ಕೆ ಸೇರಿದವರಾ, ಟಿಕೆಟ್ ಕೊಟ್ಟ ಪಕ್ಷಕ್ಕಾ?

ಬನ್ನೂರ್ ಬಸ್
ಟಿವಿಯಲ್ಲಿ ಲೋಕಸಭೆ ನೋಡುವ ಚಟ ಇರುವವರಿಗೆ ಒಂದು ಪ್ರಶ್ನೆ. ಸ್ಪೀಕರ್ ಆಗುವವರು ಯಾವುದೋ ಒಂದು ಪಕ್ಷದ ಟಿಕೆಟ್ ಮೇಲೆ ಗೆದ್ದು ಬಂದಿರುತ್ತಾರೆ. ಮುಂದಿನ ಚುನಾವಣೆಗೂ ಅದೇ ಪಕ್ಷದ ಬಾಗಿಲಿಗೆ ಹೋಗಬೇಕು. ಹೀಗಿರುವಾಗ ಎರಡೂ ಕಡೆಯವರಿಗೆ ಸಮನಾಗಿ ಹೇಗೆ ನಡೆದುಕೊಳ್ಳುತ್ತಾರೆ? ನಮ್ಮೂರಲ್ಲಿ ಪಂಚಾಯ್ತಿಗೆ ಕೂತ ಯಜಮಾನರು ಒಂದು ಕಡೆಯವರಿಗೆ ಬೀಗರಾದರೆ ಇನ್ನೊಂದು ಕಡೆಯವರು ಟವೆಲ್ ಕೊಡವಿ ಎದ್ದು ಹೋಗುತ್ತಾರೆ. ದೆಹಲಿಯಲ್ಲಿ ಮಾತ್ರ ಅದು ಹೇಗೆ ನಡೆಯುತ್ತದೆ?

ಗೊತ್ತಿರುವ ಇಬ್ಬರನ್ನು ಕೇಳಿದೆ. ಒಬ್ಬರು "ಸ್ಪೀಕರ್ ಕೈಲಿ ಏನಿದೆ, ಸುಮ್ನೆ ಕೂತ್ಕೊಳ್ಳಿ ಕೂತ್ಕೊಳ್ಳಿ ಅನ್ನೋದೇ ಕೆಲಸ" ಅಂದರು. ಇನ್ನೊಬ್ಬರು "ಪ್ರಧಾನಿಗಿಂತ ಜಾಸ್ತಿ ಪವರ್" ಅಂದರು. ಯಾವುದು ನಿಜ? ಪಕ್ಷದ ಬೈದಾಟ ಬೇಡ, ಪ್ಲೀಸ್.

ಮದ್ದೂರ್ ವಡೆ
ಬೈದಾಟ ಬೇಡ ಅಂತ ಹೇಳಿ ಮಂಡ್ಯದವರನ್ನು ಚರ್ಚೆಗೆ ಕರೆದರೆ ಯಾರೂ ಬರಲ್ಲ ಕಣಣ್ಣ.

ಸರಸ್ವತಿಪುರಂ ಮೇಷ್ಟ್ರು
ಇಬ್ಬರೂ ಅರ್ಧರ್ಧ ಸರಿ. ಪಾಠ ಮಾಡಿದ ವಿಷಯ, ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಸಂವಿಧಾನದ 93ನೇ ವಿಧಿ ಪ್ರಕಾರ ಲೋಕಸಭೆ ತನ್ನ ಸದಸ್ಯರಲ್ಲೇ ಒಬ್ಬರನ್ನು ಸ್ಪೀಕರ್, ಇನ್ನೊಬ್ಬರನ್ನು ಡೆಪ್ಯುಟಿ ಸ್ಪೀಕರ್ ಆಗಿ ಆರಿಸಿಕೊಳ್ಳಬೇಕು. ಹಾಗಾಗಿ ಬಹುಮತ ಇದ್ದವರ ಕಡೆಯವರೇ ಆಗುವುದು ಮಾಮೂಲು. ಅದನ್ನು ತಪ್ಪಿಸಲು ಆಗಲ್ಲ. ಆದರೆ ಕುರ್ಚಿಯಲ್ಲಿ ಕೂತ ಮೇಲೆ ಮೊದಲ ಸುತ್ತಿನಲ್ಲಿ ಅವರಿಗೆ ಮತ ಇಲ್ಲ. ಎರಡೂ ಕಡೆ ಸಮ ಬಿದ್ದರೆ ಮಾತ್ರ ಒಂದು ಮತ. ಇದು 100ನೇ ವಿಧಿ. ಅವರ ಸಂಬಳವನ್ನೂ ವರ್ಷವರ್ಷ ಸದನದ ಮತಕ್ಕೆ ಹಾಕಲ್ಲ. ನೇರವಾಗಿ ಸಂಚಿತ ನಿಧಿಯಿಂದ, ಅಂದರೆ ಸರ್ಕಾರದ ಮುಖ್ಯ ಖಜಾನೆಯಿಂದ ಬರುತ್ತದೆ. ಯಾರೂ ಹೆದರಿಸಬಾರದು ಅನ್ನೋದಕ್ಕೇ ಈ ವ್ಯವಸ್ಥೆ.

ಈಗ ಅಧಿಕಾರದ ವಿಷಯ. ಯಾರು ಮಾತಾಡಬೇಕು, ಯಾವ ಮಾತನ್ನು ಕಡತದಿಂದ ತೆಗೆಯಬೇಕು, ಯಾವ ನಿಲುವಳಿ ಸೂಚನೆ ಒಪ್ಪಬೇಕು, ಎಲ್ಲ ಅವರ ಕೈಲೇ. ಅದಕ್ಕಿಂತ ದೊಡ್ಡದು 110ನೇ ವಿಧಿ. ಒಂದು ಮಸೂದೆ ಮನಿ ಬಿಲ್ (ತೆರಿಗೆ, ಸರ್ಕಾರದ ಖರ್ಚಿನಂಥ ಹಣದ ವಿಷಯ ಮಾತ್ರ ಇರುವ ಮಸೂದೆ) ಹೌದೋ ಅಲ್ಲವೋ ಅನ್ನೋದಕ್ಕೆ ಸ್ಪೀಕರ್ ತೀರ್ಮಾನವೇ ಕೊನೆ. ಮನಿ ಬಿಲ್ ಅಂತ ಅವರು ಸಹಿ ಹಾಕಿದರೆ ರಾಜ್ಯಸಭೆ ಅದನ್ನು ತಡೆಯಲು ಆಗಲ್ಲ. 14 ದಿನದೊಳಗೆ ಸಲಹೆ ಬರೆದು ವಾಪಸ್ ಕಳಿಸಬೇಕು. ಆ ಸಲಹೆಯನ್ನು ಲೋಕಸಭೆ ತಗೊಂಡರೂ ಸರಿ, ಬಿಟ್ಟರೂ ಸರಿ. 2016ರ ಆಧಾರ್ ಕಾಯ್ದೆ ಹೀಗೇ ಮನಿ ಬಿಲ್ ಆಗಿ ಪಾಸಾಯಿತು. ಅದು ಮನಿ ಬಿಲ್ ಹೇಗಾಗುತ್ತದೆ ಅನ್ನುವ ತಕರಾರು ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ಆ ಕೇಸು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಹೆಸರಿನಲ್ಲೇ ಇದೆ. 2018ರಲ್ಲಿ ಐವರಲ್ಲಿ ನಾಲ್ವರು ನ್ಯಾಯಮೂರ್ತಿಗಳು ಕಾಯ್ದೆಯನ್ನು ಉಳಿಸಿದರು. ಒಬ್ಬರು ಒಪ್ಪಲಿಲ್ಲ.

ಸುಮ್ನೆ ಕೂತ್ಕೊಳ್ಳಿ ಅನ್ನುವವರು ಅಂದರಲ್ಲ, ಆ ಸ್ನೇಹಿತರಿಗೆ ಇದನ್ನು ಓದಿಸಿ.

ಕೆರಗೋಡು ಹೈದ
ಮೇಷ್ಟ್ರೇ, ಮೈಕ್ ಆಫ್ ಮಾಡೋದು ಯಾರು? ಅದು ಹೇಳಿ ಮೊದಲು.

ಸರಸ್ವತಿಪುರಂ ಮೇಷ್ಟ್ರು
ಪೀಠದ ಹತ್ತಿರ ಅಂಥ ಬಟನ್ ಇಲ್ಲ ಅಂತ 2024ರಲ್ಲಿ ಸ್ಪೀಕರ್ ಓಂ ಬಿರ್ಲಾ ಅವರೇ ಸದನದಲ್ಲಿ ಹೇಳಿದ್ದಾರೆ. ಸ್ಪೀಕರ್ ಯಾರ ಹೆಸರು ಕರೆಯುತ್ತಾರೋ ಅವರ ಮೈಕ್ ಆನ್ ಆಗುತ್ತದೆ.

ಕೆರಗೋಡು ಹೈದ
ಅಂದರೆ ಹೆಸರು ಕರೆಯದಿದ್ದರೆ ಆಫ್. ಬಟನ್ ಯಾರ ಕೈಲಿದ್ದರೇನು ಬಿಡಿ.

ವಿ.ಸಿ. ನಾಲೆ
ಒಂದು ವಿಷಯ ನಮ್ಮ ಕಡೆಯವರು ಮರೆತಿದ್ದಾರೆ. 2019ರ ಜನವರಿ 2. ಮೇಕೆದಾಟು ಬೇಡ ಅಂತ ತಮಿಳುನಾಡಿನ ಅಣ್ಣಾ ಡಿಎಂಕೆ ಸಂಸದರು ಸ್ಪೀಕರ್ ಪೀಠದ ಮುಂದಿನ ಬಾವಿಗೆ ಇಳಿದು ಕಾಗದ ಎಸೆದು ಗಲಾಟೆ ಮಾಡಿದರು. ಆಗಿನ ಸ್ಪೀಕರ್ ಸುಮಿತ್ರಾ ಮಹಾಜನ್ 24 ಜನರನ್ನು ಐದು ದಿನದ ಕಲಾಪಕ್ಕೆ ಅಮಾನತು ಮಾಡಿದರು. ಅವತ್ತು ಮಂಡ್ಯದಲ್ಲಿ ಎಲ್ಲರೂ "ಭೇಷ್, ಸ್ಪೀಕರ್ ಅಂದರೆ ಹೀಗಿರಬೇಕು" ಅಂದರು. ನಾನೂ ಅಂದೆ. ಅದೇ ಕಾವೇರಿ ಅಂತ ನಮ್ಮವರು ಬಾವಿಗೆ ಇಳಿದಾಗ ಅಮಾನತು ಮಾಡಿದ್ದರೆ ಏನು ಅನ್ನುತ್ತಿದ್ದೆವು? ಹೆದ್ದಾರಿಯಲ್ಲಿ ಟೈರ್ ಸುಡುತ್ತಿದ್ದೆವು. ಸ್ಪೀಕರ್ ನಮ್ಮ ಕಡೆ ಇದ್ದರೆ ನ್ಯಾಯ, ಆಚೆ ಕಡೆ ಇದ್ದರೆ ಪಕ್ಷಪಾತ. ಜನ ಇರುವುದೇ ಹೀಗೆ.

ಕೋರ್ಟ್ ಕಟ್ಟೆ
ನಾಲೆ ಅಣ್ಣ ಹೇಳಿದ್ದು ಲೋಕಸಭೆಯ ನಡಾವಳಿ ನಿಯಮ 374ಎ. ಸ್ಪೀಕರ್ ಹೆಸರು ಹಿಡಿದು ಹೇಳಿದರೆ ಸಾಕು, ತಾನಾಗೇ ಅಮಾನತು. 2001ರಲ್ಲಿ ಸೇರಿಸಿದ್ದು. ಹಳೆಯ 374ರಲ್ಲಿ ಹಾಗಲ್ಲ. ಸ್ಪೀಕರ್ ಹೆಸರು ಹೇಳಬೇಕು, ಆಮೇಲೆ ಯಾರಾದರೂ, ಸಾಮಾನ್ಯವಾಗಿ ಸಂಸದೀಯ ವ್ಯವಹಾರಗಳ ಸಚಿವರು, ನಿರ್ಣಯ ಮಂಡಿಸಬೇಕು, ಸದನ ಒಪ್ಪಬೇಕು. 373ರಲ್ಲಿ ಆ ದಿನದ ಮಟ್ಟಿಗೆ ಮಾತ್ರ ಆಚೆ ಕಳಿಸುವುದು.

ಗಮನಿಸಿ, 374ರಲ್ಲಿ ಸದನ ಒಪ್ಪುವುದು ಅಂದರೆ ಬಹುಮತ ಇದ್ದವರು ಕೈ ಎತ್ತುವುದು. ಅಲ್ಲಿಗೆ ಆಳುವ ಪಕ್ಷದವರೇ ವಿರೋಧ ಪಕ್ಷದವರನ್ನು ಆಚೆ ಹಾಕಿದ ಹಾಗಾಯಿತು. ಇದು ಒಂದು ಪಕ್ಷದ ಕಥೆ ಅಲ್ಲ. 1989ರ ಮಾರ್ಚ್‌ನಲ್ಲಿ ಒಂದೇ ದಿನ 63 ವಿರೋಧ ಪಕ್ಷದ ಸಂಸದರು ಹೀಗೇ ಅಮಾನತಾಗಿದ್ದರು, ಆಗ ಇದ್ದದ್ದು ಕಾಂಗ್ರೆಸ್ ಸರ್ಕಾರ.

ಮದ್ದೂರ್ ವಡೆ
2023ರ ಡಿಸೆಂಬರ್‌ನಲ್ಲಿ ಎರಡೂ ಸದನ ಸೇರಿ 146. ಆ ದಾಖಲೆ ಮುರಿದು ಬಿತ್ತು. ಅದಕ್ಕೆ ಬೀಜ ಬಿತ್ತಿದ್ದು ನಮ್ಮ ಮೈಸೂರೇ ಅನ್ನೋದು ಮರೀಬೇಡಿ.

ಬನ್ನೂರ್ ಬಸ್
ಮೈಸೂರು ಹೇಗೆ?

ಮದ್ದೂರ್ ವಡೆ
ಡಿಸೆಂಬರ್ 13ರಂದು ಗ್ಯಾಲರಿಯಿಂದ ಲೋಕಸಭೆಗೆ ಜಿಗಿದು ಹಳದಿ ಹೊಗೆ ಬಿಟ್ಟರಲ್ಲ, ಅವರ ಪಾಸ್‌ಗೆ ಶಿಫಾರಸು ಹೋಗಿದ್ದು ಆಗಿನ ಮೈಸೂರು ಸಂಸದರ ಕಚೇರಿಯಿಂದ. ಇದರ ಬಗ್ಗೆ ಗೃಹ ಸಚಿವರು ಸದನದಲ್ಲಿ ಹೇಳಿಕೆ ಕೊಡಬೇಕು ಅಂತ ವಿರೋಧ ಪಕ್ಷದವರು ಪಟ್ಟು ಹಿಡಿದರು. ಸಂಸತ್ತಿನೊಳಗಿನ ಭದ್ರತೆ ನಮ್ಮ ಲೋಕಸಭೆ ಸಚಿವಾಲಯಕ್ಕೆ ಸೇರಿದ್ದು, ಸರ್ಕಾರಕ್ಕಲ್ಲ ಅಂತ ಸ್ಪೀಕರ್ ಅಂದರು. ಗಲಾಟೆ ಬೆಳೆಯಿತು. ಅಮಾನತು ಶುರುವಾಯಿತು.

ಒಂಟಿಕೊಪ್ಪಲ್ ಪದ್ಮ
ನಾವು ಮಹಿಳಾ ಸಮಾಜದಿಂದ ದೆಹಲಿ ಪ್ರವಾಸ ಹೋದಾಗ, ಈ ಗಲಾಟೆಗೆ ತುಂಬಾ ಮುಂಚೆ, ಹಳೇ ಕಟ್ಟಡದಲ್ಲಿ ಗ್ಯಾಲರಿಗೆ ಹೋಗಿದ್ದೆವು. ಫೋನು, ಪರ್ಸು, ಕೊನೆಗೆ ನನ್ನ ಕಡಲೆಮಿಠಾಯಿ ಪೊಟ್ಟಣ, ಎಲ್ಲ ಹೊರಗೆ ಇಡಿಸಿದರು. ಒಳಗೆ ಕೂತು ಕಾಲ ಮೇಲೆ ಕಾಲು ಹಾಕಿದ್ದೆ, ಕಾವಲಿನವರು ಬಂದು ಇಳಿಸಿ ಅಂತ ಸನ್ನೆ ಮಾಡಿದರು. ಮುಂದಕ್ಕೆ ಬಗ್ಗಿದರೂ ಸನ್ನೆ. ಕೆಳಗೆ ನೋಡಿದರೆ ಮಾನ್ಯ ಸದಸ್ಯರು ಬೆಂಚಿಗೆ ಬೆನ್ನು ತಿರುಗಿಸಿ ನಿಂತು ಹರಟೆ ಹೊಡೆಯುತ್ತಿದ್ದಾರೆ! ಸ್ಪೀಕರ್ ಪೀಠದ ಮೇಲೆ ಸಂಸ್ಕೃತದಲ್ಲಿ "ಧರ್ಮಚಕ್ರ ಪ್ರವರ್ತನಾಯ" ಅಂತ ಬರೆದಿತ್ತು. ಅದರ ಕೆಳಗೆ ಕೂತವರ ಮುಖ ನೋಡಿ ನನಗಂತೂ ಅಯ್ಯೋ ಅನ್ನಿಸಿತು. ಒಬ್ಬರು ಬಲಗಡೆಯಿಂದ ಕೂಗುತ್ತಾರೆ, ಇಬ್ಬರು ಎಡಗಡೆಯಿಂದ. ಎದುರಿಗೆ ಚೀಟಿ ಹಿಡಿದು ಸಿಬ್ಬಂದಿ. ಎಲ್ಲರ ಹೆಸರೂ ಊರೂ ನೆನಪಿಟ್ಟುಕೊಂಡು ಕರೆಯಬೇಕು.

ಇನ್ನೊಂದು ಮಾತು. ಮೀರಾ ಕುಮಾರ್ 2009ರಲ್ಲಿ ಲೋಕಸಭೆಯ ಮೊದಲ ಮಹಿಳಾ ಸ್ಪೀಕರ್ ಆದಾಗ ಟಿವಿಯವರು ಕುಣಿದಾಡಿದರು. ನಮ್ಮ ಗುಂಡ್ಲುಪೇಟೆಯ ಕೆ.ಎಸ್. ನಾಗರತ್ನಮ್ಮ 1972ರಲ್ಲೇ ಕರ್ನಾಟಕ ವಿಧಾನಸಭೆಯ ಸ್ಪೀಕರ್. ಆಗ ಗುಂಡ್ಲುಪೇಟೆ ಮೈಸೂರು ಜಿಲ್ಲೆ.

ಚಾಮುಂಡಿಪುರಂ 77
ಹಳೇ ಕಥೆಗೆ ಬಂದರೆ ಇನ್ನೂ ಹಿಂದೆ ಹೋಗೋಣ. 1881ರಲ್ಲಿ ದಿವಾನ್ ರಂಗಾಚಾರ್ಲು ಕಾಲದಲ್ಲಿ ಮೈಸೂರು ಪ್ರಜಾ ಪ್ರತಿನಿಧಿ ಸಭೆ ಶುರುವಾಯಿತು. ಅಧ್ಯಕ್ಷತೆ ಯಾರದ್ದು? ದಿವಾನರದ್ದೇ. ಅಂದರೆ ಸರ್ಕಾರ ನಡೆಸುವವರೇ ಸಭೆಯನ್ನೂ ನಡೆಸುತ್ತಿದ್ದರು. ಅದಕ್ಕೆ ಹೋಲಿಸಿದರೆ ಈಗಿನದು ಎಷ್ಟೋ ವಾಸಿ. ನಮ್ಮ ಟೌನ್ ಹಾಲ್ ಇರುವುದೇ ಅವರ ಹೆಸರಿನಲ್ಲಿ.

ಕೆರಗೋಡು ಹೈದ
ಟೌನ್ ಹಾಲ್ ಅಂದಿರಿ. ಇನ್ನು ಪಾರ್ಕಿಂಗ್ ಶುರು.

ಚಾಮುಂಡಿಪುರಂ 77
ಪಾರ್ಕಿಂಗ್ ಎತ್ತಿದರೆ ಇದು ನಾಳೆವರೆಗೂ ಮುಗಿಯಲ್ಲ, ಬೇಡ ಮಾರಾಯ.

ಪೇಟೆ ಕಡೆಯವ
ಸ್ಪೀಕರ್ ಮತದಿಂದಲೇ ವಾಜಪೇಯಿ ಸರ್ಕಾರ ಬಿದ್ದಿದ್ದು ಅಲ್ವಾ? ಒಂದು ಮತ. ಅಷ್ಟು ಪವರ್ ಇದೆ.

ಕೋರ್ಟ್ ಕಟ್ಟೆ
ಅಲ್ಲ. 1999ರ ಏಪ್ರಿಲ್ 17, ಪರ 269, ವಿರುದ್ಧ 270. ಸಮ ಬರಲೇ ಇಲ್ಲವಲ್ಲ, ಸ್ಪೀಕರ್ ಬಾಲಯೋಗಿ ಮತ ಹಾಕುವ ಪ್ರಶ್ನೆ ಎಲ್ಲಿ? ಅವರು ತೀರ್ಮಾನಿಸಬೇಕಿದ್ದದ್ದು ಬೇರೆ. ಗಿರಿಧರ್ ಗಮಾಂಗ್ ಅಷ್ಟರಲ್ಲಿ ಒಡಿಶಾ ಮುಖ್ಯಮಂತ್ರಿ ಆಗಿದ್ದರು, ಆದರೆ ಲೋಕಸಭೆ ಸ್ಥಾನ ಬಿಟ್ಟಿರಲಿಲ್ಲ. ಅವರು ಮತ ಹಾಕಬಹುದಾ ಅನ್ನುವ ತಕರಾರು ಬಂತು. ಅದನ್ನು ಬಾಲಯೋಗಿ ಗಮಾಂಗ್ ಅವರ ಆತ್ಮಸಾಕ್ಷಿಗೇ ಬಿಟ್ಟರು. ಗಮಾಂಗ್ ವಿರುದ್ಧ ಮತ ಹಾಕಿದರು.

ಪೇಟೆ ಕಡೆಯವ
ನಾನು ಹೇಳಿದ್ದೂ ಅದೇ. ಬೇಡ ಅಂದಿದ್ದರೆ 269ಕ್ಕೆ 269. ಆಮೇಲೆ ಸ್ಪೀಕರ್ ಮತವೇ. ಬಾಲಯೋಗಿ ಟಿಡಿಪಿ, ಆ ದಿನ ಟಿಡಿಪಿ ಸರ್ಕಾರದ ಪರ. ಸರ್ಕಾರ ಉಳಿಯುತ್ತಿತ್ತು. ಒಂದೇ ಒಂದು ತೀರ್ಪು. ಪವರ್ ಅಲ್ಲದೆ ಇದೇನು ಸ್ವಾಮಿ?

ಸರಸ್ವತಿಪುರಂ ಮೇಷ್ಟ್ರು
ಪೇಟೆಯವರ ಲೆಕ್ಕ ಚೆನ್ನಾಗಿದೆ. ನಾನು ಬಾಲಯೋಗಿ ಅವರನ್ನು ಮೆಚ್ಚುವುದೂ ಅದಕ್ಕೇ. ತಮ್ಮ ಪಕ್ಷಕ್ಕೆ ಯಾವುದರಿಂದ ಲಾಭ ಅಂತ ಅವರಿಗೆ ಗೊತ್ತಿರಲಿಲ್ಲ ಅಂದುಕೊಂಡಿರಾ?

ಇನ್ನೂ ಕೆಲವರಿದ್ದಾರೆ. ನೀಲಂ ಸಂಜೀವ ರೆಡ್ಡಿ 1967ರಲ್ಲಿ ಸ್ಪೀಕರ್ ಆದ ಕೂಡಲೇ ಕಾಂಗ್ರೆಸ್‌ಗೆ ರಾಜೀನಾಮೆ ಕೊಟ್ಟರು. 2008ರಲ್ಲಿ ಅಣು ಒಪ್ಪಂದದ ಗಲಾಟೆಯಲ್ಲಿ ಸೋಮನಾಥ ಚಟರ್ಜಿ ಅವರಿಗೆ ಅವರ ಸಿಪಿಎಂ ಪಕ್ಷ ಕುರ್ಚಿ ಬಿಡಿ ಅಂದಿತು. ಬಿಡಲಿಲ್ಲ. ವಿಶ್ವಾಸಮತ ನಡೆಸಿಕೊಟ್ಟರು. ಮಾರನೇ ದಿನ ಪಕ್ಷದಿಂದ ಉಚ್ಚಾಟನೆ.

ನಮ್ಮ ಕರ್ನಾಟಕದಿಂದ ಲೋಕಸಭೆ ಸ್ಪೀಕರ್ ಆದವರು ಒಬ್ಬರೇ, ನಿಟ್ಟೆಯ ಕೆ.ಎಸ್. ಹೆಗ್ಡೆ, 1977ರಿಂದ 1980. ಅದಕ್ಕೆ ಮುಂಚೆ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ. 1973ರಲ್ಲಿ ಹಿರಿತನ ಕಡೆಗಣಿಸಿ ಬೇರೆಯವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದಾಗ ರಾಜೀನಾಮೆ ಬಿಸಾಕಿ ಬಂದವರು. ಲೋಕಾಯುಕ್ತರಾಗಿದ್ದ ಸಂತೋಷ್ ಹೆಗ್ಡೆ ಅವರ ತಂದೆ.

ಕೆರಗೋಡು ಹೈದ
ಒಳ್ಳೆಯವರು ಸಿಕ್ಕರೆ ನಡೆಯುತ್ತದೆ, ಸಿಗದಿದ್ದರೆ ಇಲ್ಲ ಅಂತಾಯಿತು. ಅದಕ್ಕೆ ಕಾನೂನು ಯಾಕೆ? ಪಕ್ಷ ಬಿಡಲೇಬೇಕು ಅಂತ ಬರೆದುಬಿಡಲಿ. ಮುಗೀತು.

ಕೋರ್ಟ್ ಕಟ್ಟೆ
ಹೈದ, ನಿನಗೆ ಒಂದು ತಮಾಷೆ ಹೇಳುತ್ತೇನೆ. ಕಾನೂನು ಬಾಗಿಲು ತೆರೆದೇ ಇಟ್ಟಿದೆ. 1985ರಲ್ಲಿ ಬಂದ ಹತ್ತನೇ ಅನುಸೂಚಿ, ಅದೇ ಪಕ್ಷಾಂತರ ನಿಷೇಧ, ಅದರ 5ನೇ ಪ್ಯಾರಾ ಓದು. ಬೇರೆ ಸದಸ್ಯರು ಪಕ್ಷ ಬಿಟ್ಟರೆ ಅನರ್ಹ. ಸ್ಪೀಕರ್ ಆದವರು ಬಿಟ್ಟರೆ ಅನರ್ಹತೆ ಇಲ್ಲ. ಕುರ್ಚಿ ಇಳಿದ ಮೇಲೆ ವಾಪಸ್ ಅದೇ ಪಕ್ಷಕ್ಕೆ ಸೇರಬಹುದು, ಅದಕ್ಕೂ ತೊಂದರೆ ಇಲ್ಲ. ಇಷ್ಟು ಸೌಲಭ್ಯ ಇದ್ದರೂ ಸಂಜೀವ ರೆಡ್ಡಿ ಬಿಟ್ಟರೆ ಪಕ್ಷಕ್ಕೆ ರಾಜೀನಾಮೆ ಕೊಟ್ಟ ಲೋಕಸಭೆ ಸ್ಪೀಕರ್ ಇನ್ನೊಬ್ಬರಿಲ್ಲ. ಸಂಜೀವ ರೆಡ್ಡಿ ಬಿಟ್ಟಾಗ ಈ ಕಾನೂನೇ ಇರಲಿಲ್ಲ!

ವಿ.ಸಿ. ನಾಲೆ
ಬಿಟ್ಟರೆ ಮುಂದಿನ ಚುನಾವಣೆಗೆ ಯಾರು ಟಿಕೆಟ್ ಕೊಡುತ್ತಾರೆ ಸ್ವಾಮಿ? ಬಸ್ ಅಣ್ಣ ಮೊದಲೇ ಕೇಳಿದರಲ್ಲ.

ಸರಸ್ವತಿಪುರಂ ಮೇಷ್ಟ್ರು
ಇಂಗ್ಲೆಂಡಿನಲ್ಲಿ ಅದಕ್ಕೇ ಒಂದು ರೂಢಿ ಇದೆ. ಸ್ಪೀಕರ್ ಪಕ್ಷ ಬಿಡುತ್ತಾರೆ. ಮುಂದಿನ ಚುನಾವಣೆಯಲ್ಲಿ ದೊಡ್ಡ ಪಕ್ಷಗಳು ಅವರ ಎದುರು ಅಭ್ಯರ್ಥಿ ಹಾಕಲ್ಲ.

ವಿ.ಸಿ. ನಾಲೆ
ಮಂಡ್ಯದಲ್ಲಿ ಎದುರಾಳಿ ಹಾಕದೆ ಚುನಾವಣೆ! ಊರಲ್ಲಿ ಯಾರೂ ಮತಗಟ್ಟೆ ಕಡೆ ತಲೆ ಹಾಕಲ್ಲ.

ತಮಾಷೆ ಇರಲಿ. ನನಗೆ ಇನ್ನೊಂದು ಚಿಂತೆ. ನಮ್ಮ ಸಂಸದರು ಸ್ಪೀಕರ್ ಆದರು ಅಂತಿಟ್ಟುಕೊಳ್ಳಿ. ಕಬ್ಬಿನ ದರ, ಮೈಶುಗರ್, ಕಾವೇರಿ, ಇದನ್ನೆಲ್ಲ ಸದನದಲ್ಲಿ ಎತ್ತುವವರು ಯಾರು? ಅವರು ಪ್ರಶ್ನೆ ಕೇಳುವ ಹಾಗಿಲ್ಲ, ಚರ್ಚೆಗೆ ಇಳಿಯುವ ಹಾಗಿಲ್ಲ. ನಾವು ಮತ ಹಾಕಿ ಒಬ್ಬರ ಬಾಯಿ ಕಟ್ಟಿ ಕಳಿಸಿದ ಹಾಗೆ.

ಪೇಟೆ ಕಡೆಯವ
ಅಣ್ಣ, ಸ್ಪೀಕರ್ ಆಫೀಸಿನಿಂದ ಫೋನ್ ಹೋದರೆ ಫೈಲು ಎಷ್ಟು ಬೇಗ ಓಡುತ್ತದೆ ಗೊತ್ತಾ? ಸದನದಲ್ಲಿ ಕೂಗಾಡುವುದಕ್ಕಿಂತ ಅದೇ ಲಾಭ. ನಮ್ಮ ಜಿಲ್ಲೆಗೆ ಸ್ಪೀಕರ್ ಹೊಸದೇನಲ್ಲ. ಸೋಮನಹಳ್ಳಿಯ ಎಸ್.ಎಂ. ಕೃಷ್ಣ 1989ರಿಂದ ವಿಧಾನಸಭೆ ಸ್ಪೀಕರ್ ಆಗಿದ್ದವರು. ನಮ್ಮ ಕೆ.ಆರ್. ಪೇಟೆ ಕೃಷ್ಣ 2006ರಿಂದ 2008. ಎಂಥ ಸರಳ ಮನುಷ್ಯ! ಅಂಥವರನ್ನು ಕುರ್ಚಿಯಲ್ಲಿ ಕೂರಿಸಿದರೆ ಪಕ್ಷ ಯಾವುದು ಅಂತ ಯಾರೂ ಕೇಳಲ್ಲ.

ಆದರೆ ನಮ್ಮ ಪೇಟೆಯವರು ಸ್ಪೀಕರ್ ಪವರ್ ಏನು ಅಂತ ಸರಿಯಾಗಿ ಕಂಡಿದ್ದು 2019ರಲ್ಲಿ. ಮತ ಹಾಕಿ ಒಂದು ವರ್ಷ ಎರಡು ತಿಂಗಳಿಗೆ ನಮ್ಮ ಶಾಸಕರು ಅನರ್ಹ. ಮತ್ತೆ ಶಾಯಿ, ಮತ್ತೆ ಕ್ಯೂ.

ಚಾಮುಂಡಿಪುರಂ 77
ವಿಷಯ ಲೋಕಸಭೆ ಕಣ್ರೀ, ವಿಧಾನಸಭೆ ಅಲ್ಲ.

ಕೋರ್ಟ್ ಕಟ್ಟೆ
ಎರಡಕ್ಕೂ ಒಂದೇ ಹತ್ತನೇ ಅನುಸೂಚಿ. ನನ್ನ ಪ್ರಕಾರ ಈ ಇಡೀ ಚರ್ಚೆಯ ಮುಖ್ಯ ವಿಷಯ ಇದೇ. ಮೈಕು, ಅಮಾನತು ಎಲ್ಲ ನಾಲ್ಕು ದಿನದ ಗಲಾಟೆ. ಪಕ್ಷಾಂತರದ ದೂರನ್ನು ವಿಚಾರಣೆ ಮಾಡಿ ಯಾರು ಉಳಿಯಬೇಕು, ಯಾರು ಹೋಗಬೇಕು ಅಂತ ಹೇಳುವವರು ಸ್ಪೀಕರ್. ಅದರ ಮೇಲೆ ಸರ್ಕಾರವೇ ಉಳಿಯುತ್ತದೆ, ಬೀಳುತ್ತದೆ.

ನಮ್ಮಲ್ಲೇ ಎರಡು ಉದಾಹರಣೆ ನೋಡಿ. 2010ರಲ್ಲಿ ಬಿಜೆಪಿ ಸರ್ಕಾರ ಇದ್ದಾಗ ಸ್ಪೀಕರ್ ಕೆ.ಜಿ. ಬೋಪಯ್ಯ 11 ಬಿಜೆಪಿ ಶಾಸಕರನ್ನೂ 5 ಪಕ್ಷೇತರರನ್ನೂ ವಿಶ್ವಾಸಮತದ ಹೊತ್ತಿಗೆ ಸರಿಯಾಗಿ ಅನರ್ಹ ಮಾಡಿದರು. ಸರ್ಕಾರ ಉಳಿಯಿತು. 2011ರಲ್ಲಿ ಸುಪ್ರೀಂ ಕೋರ್ಟ್ ಆ ಆದೇಶ ರದ್ದು ಮಾಡಿತು. 2019ರಲ್ಲಿ ಸ್ಪೀಕರ್ ಕೆ.ಆರ್. ರಮೇಶ್ ಕುಮಾರ್ 17 ಜನರನ್ನು ಅನರ್ಹ ಮಾಡಿ, ಆ ವಿಧಾನಸಭೆಯ ಅವಧಿ ಮುಗಿಯುವವರೆಗೂ ಚುನಾವಣೆಗೆ ನಿಲ್ಲುವ ಹಾಗಿಲ್ಲ ಅಂದರು. ಅನರ್ಹತೆ ಸರಿ, ನಿಲ್ಲಬಾರದು ಅನ್ನುವುದು ತಪ್ಪು ಅಂತ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಡಿಸೆಂಬರ್‌ನಲ್ಲಿ ಉಪಚುನಾವಣೆ. ಕೆ.ಆರ್. ಪೇಟೆಯಲ್ಲಿ ನಾರಾಯಣಗೌಡರು ಗೆದ್ದರು, ಹುಣಸೂರಿನಲ್ಲಿ ವಿಶ್ವನಾಥ್ ಸೋತರು. ಅದೇ ಆದೇಶ, ಅದೇ ಕೋರ್ಟು. ಕೊನೆಗೆ ತೀರ್ಮಾನ ಮಾಡಿದ್ದು ಮತದಾರರು.

ಅನರ್ಹ ಮಾಡುವುದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಏನೂ ಮಾಡದೆ ಫೈಲ್ ಮೇಲೆ ಕೂರುವುದು. ಅನುಸೂಚಿಯಲ್ಲಿ ಗಡುವೇ ಇಲ್ಲ. ದೂರು ಕೊಟ್ಟವರು ಕಾಯುತ್ತಾ ಇರಬೇಕು, ಅಷ್ಟರಲ್ಲಿ ಸದನದ ಅವಧಿಯೇ ಮುಗಿದಿರುತ್ತದೆ. 2020ರಲ್ಲಿ ಮಣಿಪುರದ ಕೇಸಿನಲ್ಲಿ ಸುಪ್ರೀಂ ಕೋರ್ಟ್, ಸಾಮಾನ್ಯವಾಗಿ ಮೂರು ತಿಂಗಳಲ್ಲಿ ತೀರ್ಮಾನ ಆಗಬೇಕು ಅಂದಿತು. ಈ ಕೆಲಸವನ್ನು ಸ್ಪೀಕರ್ ಕೈಯಿಂದ ತೆಗೆದು ಒಂದು ಸ್ವತಂತ್ರ ನ್ಯಾಯಮಂಡಳಿಗೆ ಕೊಡುವ ಬಗ್ಗೆ ಸಂಸತ್ತು ಯೋಚಿಸಲಿ ಅಂತಲೂ ಹೇಳಿತು.

ಕೆರಗೋಡು ಹೈದ
ಸಂಸತ್ತು ಯೋಚಿಸಿತಾ?

ಕೋರ್ಟ್ ಕಟ್ಟೆ
ಕಾನೂನು ಬದಲಾಗಿಲ್ಲ. ಇವತ್ತು ವಿರೋಧದಲ್ಲಿ ಕೂತವರು ನಾಳೆ ಅಧಿಕಾರಕ್ಕೆ ಬರುತ್ತಾರೆ. ಆಗ ಸ್ಪೀಕರ್ ಅವರವರೇ. ಯಾರಿಗೆ ಬೇಕು ನ್ಯಾಯಮಂಡಳಿ?

ಸರಸ್ವತಿಪುರಂ ಮೇಷ್ಟ್ರು
ನ್ಯಾಯಮಂಡಳಿ ಮಾತು ನನಗೆ ಅಷ್ಟು ಇಷ್ಟ ಇಲ್ಲ. ಸದನದ ಜಗಳ ಸದನದಲ್ಲೇ ಮುಗಿಯಬೇಕು. 1992ರ ಕಿಹೋಟೋ ಹೊಲ್ಲೋಹನ್ ತೀರ್ಪಿನಲ್ಲಿ ಸ್ಪೀಕರ್ ಕೈಲಿ ಈ ಅಧಿಕಾರ ಇರುವುದು ತಪ್ಪಲ್ಲ ಅಂತ ಕೋರ್ಟೇ ಒಪ್ಪಿದೆ. ತೀರ್ಪು ಬಂದ ಮೇಲೆ ಕೋರ್ಟಿಗೆ ಹೋಗುವ ದಾರಿಯೂ ಇದೆ.

ಕೋರ್ಟ್ ಕಟ್ಟೆ
ತೀರ್ಪು ಬಂದ ಮೇಲೆ, ಸರ್. ಬಂದರೆ ತಾನೇ? ಆ ತೀರ್ಪಲ್ಲೂ ಎಲ್ಲರೂ ಒಪ್ಪಿರಲಿಲ್ಲ. ಮೂವರು ಪರ, ಇಬ್ಬರು ವಿರುದ್ಧ. ಬಹುಮತದ ಮೇಲೆ ಕುರ್ಚಿ ಉಳಿಸಿಕೊಂಡವರು ನಿಷ್ಪಕ್ಷಪಾತಿ ಹೇಗಾಗುತ್ತಾರೆ ಅಂತ ಆ ಇಬ್ಬರು ಕೇಳಿದ್ದರು. ಬಸ್ ಅಣ್ಣ ಈಗ ಕೇಳಿದ್ದು ಅದನ್ನೇ.

ಒಂಟಿಕೊಪ್ಪಲ್ ಪದ್ಮ
ಕುರ್ಚಿ ಅಂದ ಕೂಡಲೇ ನಮ್ಮ ಬಡಾವಣೆ ಸಂಘ ನೆನಪಾಯಿತು. ಅಧ್ಯಕ್ಷರ ಮೇಲೆ ಲೆಕ್ಕದ ತಕರಾರು ಬಂತು. ಸಭೆ ಕರೆದರು. ಸಭೆಯ ಅಧ್ಯಕ್ಷತೆ ಯಾರದ್ದು ಅಂದರೆ ಅವರದ್ದೇ! "ಈ ವಿಷಯ ಅಜೆಂಡಾದಲ್ಲಿಲ್ಲ" ಅಂದು ಬೋಂಡ ಹಂಚಿಸಿಬಿಟ್ಟರು. ಬಿಸಿ ಬೋಂಡ ಕೈಗೆ ಬಂದ ಮೇಲೆ ಯಾರು ಜಗಳ ಆಡುತ್ತಾರೆ?

ಸರಸ್ವತಿಪುರಂ ಮೇಷ್ಟ್ರು
ಮೇಡಂ, ಸಂವಿಧಾನ ಬರೆದವರಿಗೆ ನಿಮ್ಮ ಬಡಾವಣೆ ಗೊತ್ತಿತ್ತು ಅನಿಸುತ್ತದೆ. 96ನೇ ವಿಧಿ ಪ್ರಕಾರ ತಮ್ಮನ್ನು ತೆಗೆಯುವ ನಿರ್ಣಯ ಚರ್ಚೆಗೆ ಬಂದಾಗ ಸ್ಪೀಕರ್ ಪೀಠದಲ್ಲಿ ಕೂರುವ ಹಾಗಿಲ್ಲ. ಕೆಳಗೆ ಕೂತು ಮಾತಾಡಬಹುದು, ಮತವನ್ನೂ ಹಾಕಬಹುದು. ಸಮ ಬಂದಾಗಿನ ಆ ವಿಶೇಷ ಮತ ಮಾತ್ರ ಇಲ್ಲ. ನಿರ್ಣಯಕ್ಕೆ 14 ದಿನ ಮೊದಲೇ ನೋಟಿಸ್ ಕೊಡಬೇಕು. ಹಾಜರಿದ್ದವರ ಬಹುಮತ ಸಾಲದು, ಆಗ ಇರುವ ಒಟ್ಟು ಸದಸ್ಯರ ಬಹುಮತ ಬೇಕು. 1954ರಲ್ಲಿ ಮೊದಲ ಸ್ಪೀಕರ್ ಮಾವಳಂಕರ್ ಮೇಲೇ ಇಂಥ ನಿರ್ಣಯ ಬಂದಿತ್ತು. ಬಿದ್ದುಹೋಯಿತು.

ಬನ್ನೂರ್ ಬಸ್
ಸರಿ, ಸ್ಪೀಕರ್ ಕೆಳಗೆ ಇಳಿದರೆ ಮೇಲೆ ಕೂರುವುದು ಡೆಪ್ಯುಟಿ ಸ್ಪೀಕರ್ ಅಲ್ವಾ? 2019ರಿಂದ 2024ರವರೆಗೆ ಡೆಪ್ಯುಟಿ ಸ್ಪೀಕರ್ ಇರಲೇ ಇಲ್ಲ ಅಂತ ಓದಿದ ನೆನಪು. ಮೇಷ್ಟ್ರು 93ನೇ ವಿಧಿಯಲ್ಲಿ ಇಬ್ಬರನ್ನೂ ಆರಿಸಬೇಕು ಅಂದರಲ್ಲ?

ಕೋರ್ಟ್ ಕಟ್ಟೆ
ಇರಲಿಲ್ಲ. 17ನೇ ಲೋಕಸಭೆ ಪೂರ್ತಿ ಖಾಲಿ. ಅದಕ್ಕೆ ಮುಂಚೆ ಇದ್ದವರು ತಂಬಿದೊರೈ. "ಆದಷ್ಟು ಬೇಗ" ಆರಿಸಬೇಕು ಅಂತ ವಿಧಿ ಹೇಳುತ್ತದೆ, ದಿನಾಂಕ ಹೇಳಲ್ಲ. ಐದು ವರ್ಷವೂ ಆದಷ್ಟು ಬೇಗವೇ ಅಂದುಕೊಂಡರು. ದಿನನಿತ್ಯದ ಕೆಲಸ ನಿಲ್ಲಲ್ಲ. ಸ್ಪೀಕರ್ ಹತ್ತು ಜನರವರೆಗೆ ಒಂದು ಪಟ್ಟಿ ಮಾಡಿರುತ್ತಾರೆ, ಅವರಲ್ಲಿ ಒಬ್ಬರು ಪೀಠದಲ್ಲಿ ಕೂರುತ್ತಾರೆ. ಆ ಪಟ್ಟಿ ಮಾಡುವವರೂ ಸ್ಪೀಕರೇ ಅನ್ನುವುದನ್ನು ಬೇರೆ ಹೇಳಬೇಕಾಗಿಲ್ಲ. ಡೆಪ್ಯುಟಿ ಸ್ಥಾನ ವಿರೋಧ ಪಕ್ಷಕ್ಕೆ ಕೊಡುವ ರೂಢಿ ಬಹಳ ವರ್ಷ ನಡೆದಿತ್ತು.

ಮದ್ದೂರ್ ವಡೆ
ಸೀಟು ಖಾಲಿ ಇಟ್ಟರೆ ಕೊಡೋದು ಬೇಡ, ಬಿಡೋದೂ ಬೇಡ. ನಮ್ಮ ನಿಗಮ ಮಂಡಳಿಗಳ ಥರ.

ಒಂಟಿಕೊಪ್ಪಲ್ ಪದ್ಮ
ಮೇಷ್ಟ್ರೇ, ನಿಮಗೊಂದು ಕೆಲಸ. ನನ್ನ ಮೊಮ್ಮಗಳ ಕಾಲೇಜಿನಲ್ಲಿ ಅಣಕು ಸಂಸತ್ತು ಮಾಡುತ್ತಿದ್ದಾರೆ, ಇವಳೇ ಸ್ಪೀಕರ್. ಹುಡುಗರು ಈಗಲೇ ಗಲಾಟೆ ಮಾಡುತ್ತೇವೆ ಅಂತ ಹೆದರಿಸುತ್ತಿದ್ದಾರಂತೆ. ಏನು ಮಾಡಬೇಕು?

ಸರಸ್ವತಿಪುರಂ ಮೇಷ್ಟ್ರು
ಕೂಗಬೇಡ ಅನ್ನಿ. ಎದ್ದು ನಿಲ್ಲಲಿ, ಸಾಕು. ಸ್ಪೀಕರ್ ಎದ್ದರೆ ಮಾತಾಡುತ್ತಿದ್ದ ಸದಸ್ಯರು ಕೂರಬೇಕು, ಎಲ್ಲರೂ ಮೌನವಾಗಿ ಕೇಳಬೇಕು. ಲೋಕಸಭೆಯ 361ನೇ ನಿಯಮ. ಆಗಲೂ ಕೂರದಿದ್ದರೆ ಹೆಸರು ಹಿಡಿದು ಕರೆಯಲಿ.

ಕೆರಗೋಡು ಹೈದ
ಹೆಸರು ಕರೆದರೂ ಕೂರದಿದ್ದರೆ?

ಸರಸ್ವತಿಪುರಂ ಮೇಷ್ಟ್ರು
ಎರಡು ಗಂಟೆಗೆ ಮುಂದೂಡಿ ಎಲ್ಲರನ್ನೂ ಊಟಕ್ಕೆ ಬಿಡಲಿ. ದೆಹಲಿಯಲ್ಲೂ ಅಷ್ಟೇ ಮಾಡುವುದು.